ದರೋಜಿಯ ಕರಡಿ, ಬೀದಿಯ ಖಲಂದರ

ಹಂಪಿಯ ಸುತ್ತಣ ನೆಲವನ್ನು ಜನ ಕಿಷ್ಕಿಂಧೆ ಎಂದು ನಂಬುತ್ತಾರೆ. ವಾಲಿ, ಸುಗ್ರೀವರ ಜೊತೆಗೆ ಜಾಂಬವಂತನೂ ಇಲ್ಲಿಯವನೇ. ಮಂಗಗಳು ಗುಡಿಗಳ ಮೇಲೆ ಇಂದಿಗೂ ರಾಜ್ಯಭಾರ ಮಾಡುತ್ತಿವೆ. ಜಾಂಬವಂತನ ಕುಲದವರನ್ನು ಕಾಣಬೇಕಾದರೆ ಮಾತ್ರ ಕಮಲಾಪುರ ದಾಟಿ ಸಂಡೂರು ತಾಲೂಕಿನ ದರೋಜಿಯ ಕಡೆ ಹೋಗಬೇಕು. ದರೋಜಿ ಮತ್ತು ಕಂಪ್ಲಿ ಸಮೀಪದ ರಾಮಸಾಗರದ ನಡುವಿನ ಬಂಡೆಗುಡ್ಡಗಳನ್ನೂ ಕುರುಚಲು ಕಾಡನ್ನೂ ಸರ್ಕಾರ 1994ರಲ್ಲಿ ಕರಡಿಧಾಮವೆಂದು ಘೋಷಿಸಿತು.

ಅಲ್ಲಿನ ವೀಕ್ಷಣಾ ಗೋಪುರದಲ್ಲಿ ನಾವೂ ಒಂದು ಸಂಜೆ ಕೂತಿದ್ದೆವು. ಎದುರಿನ ಬಂಡೆಗಳಿಗೆ ಅರಣ್ಯ ಸಿಬ್ಬಂದಿ ಬೆಲ್ಲದ ಪಾಕ ಬಳಿದು ಹೋಗಿದ್ದರು. ಬಿಸಿಲು ಇಳಿದ ಮೇಲೆ ತಾಯಿಕರಡಿಯೊಂದು ಬೆನ್ನ ಮೇಲೆ ಮರಿ ಹೊತ್ತು ಬಂತು. ಮರಿಯನ್ನು ಹೀಗೆ ಹೊತ್ತು ತಿರುಗುವುದು ಈ ಜಾತಿಯ ಕರಡಿಗಳ ರೂಢಿ. ನಮಗೆ ನೆನಪಾದದ್ದು ಇನ್ನೊಂದು ಬೆನ್ನು. ದಡಬಡಿಸಿ ಬೆಚ್ಚಿಬೀಳುವ ಮಕ್ಕಳನ್ನು ಹಿಂದೂ ತಾಯಂದಿರೂ ಮುಸ್ಲಿಂ ತಾಯಂದಿರೂ ಖಲಂದರನ ಕರಡಿಯ ಮೇಲೆ ಕೂರಿಸುತ್ತಿದ್ದರು. ಅದರ ಕೂದಲನ್ನು ತಾಯಿತದಲ್ಲಿಟ್ಟು ಕೊರಳಿಗೆ ಕಟ್ಟುತ್ತಿದ್ದರು.

ಖಲಂದರ ಎಂಬುದು ಮೊದಲು ಮನೆಮಠ ತೊರೆದು ಅಲೆಯುವ ಸೂಫಿ ಫಕೀರರ ಹೆಸರು. ಅದು ಕರಡಿ ಕುಣಿಸುವ ಬಡ ಮುಸ್ಲಿಮರ ಕುಲದ ಹೆಸರೂ ಆಯಿತು. ಮಗನಿಗೆ ಖಲಂದರ್ ಎಂದು ಪ್ರೀತಿಯಿಂದ ಹೆಸರಿಡುವ ನಮ್ಮವರೇ, ಹಗ್ಗ ಹಿಡಿದು ಬಾಗಿಲಿಗೆ ಬಂದ ಖಲಂದರನನ್ನು ಜಗಲಿಯಾಚೆಗೆ ನಿಲ್ಲಿಸಿದರು.

ಅವನ ಕಸುಬು ಕ್ರೂರವಾಗಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಕುಣಿಸಲು ಬೇಕಾದ ಮರಿಗಳಿಗಾಗಿ ಕಾಡಿನಲ್ಲಿ ತಾಯಿಕರಡಿಗಳನ್ನು ಕೊಲ್ಲುತ್ತಿದ್ದರು. ಮರಿಯ ಮೂತಿಗೆ ಕಾದ ಸೂಜಿ ಚುಚ್ಚಿ ಹಗ್ಗ ಪೋಣಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಆಮೇಲೆ 1998ರ ಅಧಿಸೂಚನೆ ಈ ಆಟವನ್ನು ಕಾನೂನಿನ ಹೊರಗಿಟ್ಟವು. ಕುಣಿಯುವ ಕೊನೆಯ ಕರಡಿ ಎಂದು ಸಾರಲಾದ ‘ರಾಜು’ 2009ರ ಡಿಸೆಂಬರಿನಲ್ಲಿ ಬನ್ನೇರುಘಟ್ಟ ಸೇರಿತು. ಕರಡಿ ಒಪ್ಪಿಸಿದವರಲ್ಲಿ ಕೆಲವರಿಗೆ ಸಣ್ಣ ಅಂಗಡಿ, ಕೆಲವರಿಗೆ ಆಟೋರಿಕ್ಷಾ ಸಿಕ್ಕಿತು. ಕರಡಿಯ ಹೆಸರು ನಮಗೆ ಗೊತ್ತು. ಹಗ್ಗ ಹಿಡಿದಿದ್ದವನ ಹೆಸರು ಕೇಳಿದರೆ ತಡವರಿಸುತ್ತೇವೆ.

ದರೋಜಿಯ ಹೆಸರಿಗೆ ಕರಡಿಗಿಂತ ಹೆಚ್ಚು ಬೆಲೆ ತಂದವರು ಬುರ್ರಕಥಾ ಈರಮ್ಮ. ಅವರೂ ಅಲೆಮಾರಿ ಕುಲದವರು, ಬುಡ್ಗ ಜಂಗಮರು. ಓದು ಬರಹ ತಿಳಿಯದ ಆ ತಾಯಿಯ ಬಾಯಲ್ಲಿದ್ದ ಕಾವ್ಯಗಳು ಅಚ್ಚಾದವು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡಾಗ ನಾಡಿಗೆ ತಾನು ಕಳೆದುಕೊಂಡದ್ದೇನು ಎಂಬುದು ಗೊತ್ತಿತ್ತು. ಡಮರು ಬಾರಿಸುತ್ತ ದಖ್ಖನಿ ಬೆರೆತ ಕನ್ನಡದಲ್ಲಿ ಖಲಂದರ ಹೇಳುತ್ತಿದ್ದ ಮಾತುಗಳನ್ನು ಬಲ್ಲ ಮುದುಕರು ಇನ್ನೂ ಅಲ್ಲಲ್ಲಿ ಇದ್ದಾರು. ಅವರ ಮನೆ ಎಲ್ಲಿದೆ ಎಂದು ಮೊದಲು ಕೇಳಬೇಕಾದವರು ನಾವೇ, ಒಂದೇ ಮಸೀದಿಯಲ್ಲಿ ಸಾಲಾಗಿ ನಿಲ್ಲುವವರು.