ಮಹಿಳಾ ಕಾಲೇಜು ವಿಶ್ವ ಸರಣಿ

ಅಮೆರಿಕದ ಕಾಲೇಜು ಸಾಫ್ಟ್‌ಬಾಲ್‌ನ ರಾಷ್ಟ್ರೀಯ ಚಾಂಪಿಯನ್‌ಷಿಪ್. ಹೆಸರಲ್ಲಿ ‘ವಿಶ್ವ’ ಇದ್ದರೂ ಆಡುವುದು ಅಮೆರಿಕದ ತಂಡಗಳೇ. 1969ರಲ್ಲಿ ನೆಬ್ರಾಸ್ಕದ ಒಮಾಹಾದಲ್ಲಿ ಆರಂಭವಾಯಿತು. ಅದೇ ರಾಜ್ಯದ ವಾಹೂ ಎಂಬ ಸಣ್ಣ ಊರಿನ ಜಾನ್ ಎಫ್. ಕೆನಡಿ ಕಾಲೇಜು ಮೊದಲ ಮೂರೂ ವರ್ಷ ಗೆದ್ದಿತು. ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ತನ್ನ ಟೂರ್ನಿಯನ್ನು ಶುರುಮಾಡಿದ್ದು 1982ರಲ್ಲಿ. ಆ ವರ್ಷ ಫ್ರೆಸ್ನೊ ಸ್ಟೇಟ್ ತಂಡವನ್ನು ಮಣಿಸಿ ಯುಸಿಎಲ್‌ಎ ಚಾಂಪಿಯನ್ ಆಯಿತು. 1990ರಿಂದ, 1996ರ ಒಂದು ವರ್ಷ ಬಿಟ್ಟರೆ, ಒಕ್ಲಹೋಮ ಸಿಟಿಯೇ ಇದರ ನೆಲೆ. ಅಂತಿಮ ಹಂತಕ್ಕೆ ಎಂಟು ತಂಡಗಳು. ಎರಡು ಸೋತರೆ ಮನೆಗೆ. ಫೈನಲ್ ಮಾತ್ರ 2005ರಿಂದ ಮೂರು ಪಂದ್ಯಗಳ ಸರಣಿ. ಪಿಚರ್ 43 ಅಡಿ ದೂರದಿಂದ ಕೈಯನ್ನು ಗಿರ್ರನೆ ಸುತ್ತಿಸಿ ಸೊಂಟದ ಪಕ್ಕದಿಂದ ಚೆಂಡು ಬಿಡುತ್ತಾಳೆ; ಬ್ಯಾಟರ್‌ಗೆ ಯೋಚಿಸಲು ಪುರುಸೊತ್ತೇ ಇಲ್ಲ. ದೀರ್ಘಕಾಲ ಯುಸಿಎಲ್‌ಎ, ಅರಿಜೋನಗಳದ್ದೇ ಪಾರುಪತ್ಯ. ಒಕ್ಲಹೋಮ 2021–24ರಲ್ಲಿ ಸತತ ನಾಲ್ಕು ಬಾರಿ ಗೆದ್ದಿತು. ಅದಕ್ಕೂ ಮುಂಚೆ ಯಾರಿಗೂ ಇದು ಆಗಿರಲಿಲ್ಲ. 2025ರಲ್ಲಿ ಟೆಕ್ಸಸ್ ಮೊದಲ ಪ್ರಶಸ್ತಿ ಪಡೆಯಿತು.