ಎರೊಮಾಂಗೊ ದ್ವೀಪದ ಜನವೂ ನುಡಿಯೂ

ಶ್ರೀಗಂಧವೆಂದೊಡನೆ ನಮಗೆ ಮೈಸೂರು ಸೀಮೆಯ ಕಾಡುಗಳು ನೆನಪಾಗುವುದು ಸಹಜ. ಆ ಮರದ ದಾಯಾದಿಯೊಂದು ಇಲ್ಲಿಂದ ಬಹುದೂರದಲ್ಲಿ, ಆಸ್ಟ್ರೇಲಿಯಕ್ಕೆ ಪೂರ್ವದಲ್ಲಿರುವ ಎರೊಮಾಂಗೊ ಎಂಬ ದ್ವೀಪದಲ್ಲಿಯೂ ಬೆಳೆಯುತ್ತದೆ. ಆ ಮರದಿಂದ ಅಲ್ಲಿಯ ಜನಕ್ಕೆ ಒದಗಿದ ವಿಪತ್ತನ್ನೂ, ಆ ವಿಪತ್ತನ್ನು ದಾಟಿ ಉಳಿದುಬಂದ ಅವರ ನುಡಿಯನ್ನೂ ಕುರಿತು ನಾಲ್ಕು ಮಾತು ಹೇಳುವುದು ಈ ಭಾಷಣದ ಉದ್ದೇಶ.

ಮೆಲನೇಷ್ಯದ ವನುವಾಟು ದೇಶಕ್ಕೆ ಸೇರಿದ ದ್ವೀಪವಿದು. ಸುಮಾರು 3000 ವರ್ಷಗಳ ಹಿಂದೆ, ಚಿತ್ತಾರದ ಮಡಕೆಗಳನ್ನು ಮಾಡಬಲ್ಲ ಸಮುದ್ರಯಾನಿಗಳು ದೋಣಿಗಳಲ್ಲಿ ಬಂದು ಇಲ್ಲಿ ನೆಲಸಿದರು. ಅವರ ಭಾಷೆ ಆಸ್ಟ್ರೊನೇಷ್ಯನ್ ಕುಲದ್ದು. ಈ ಕುಲದ ನುಡಿಗಳು ಪಶ್ಚಿಮದ ಮಡಗಾಸ್ಕರಿನಿಂದ ಪೂರ್ವದ ಹವಾಯಿಯವರೆಗೂ ಹಬ್ಬಿವೆ. ಹೆಗ್ಗೆಣಸೂ ಕೆಸುವಿನ ಗೆಡ್ಡೆಯೂ ಜನರ ಮುಖ್ಯ ಆಹಾರ. ಮಗ್ಗವಿಲ್ಲದ ಆ ನಾಡಿನಲ್ಲಿ ಹೆಂಗಸರು ಮರದ ಒಳತೊಗಟೆಯನ್ನು ಬಡಿದು ಬಟ್ಟೆ ಮಾಡಿ, ಅದರ ಮೇಲೆ ಚಿತ್ರ ಬರೆಯುತ್ತಿದ್ದರು. ಸಿಡ್ನಿಯ ವಸ್ತುಸಂಗ್ರಹಾಲಯದಲ್ಲಿ ಅಂತಹ ಬಟ್ಟೆಗಳನ್ನು ಇಂದಿಗೂ ಕಾಪಾಡಿದ್ದಾರೆ.

1774ರಲ್ಲಿ ಕ್ಯಾಪ್ಟನ್ ಕುಕ್ ಇಲ್ಲಿ ದಡಕ್ಕಿಳಿದಾಗ ಕಾದಾಟವಾಗಿ ಗುಂಡು ಹಾರಿತು. 1825ರಲ್ಲಿ ಪೀಟರ್ ಡಿಲ್ಲನ್ ಎಂಬ ನಾವಿಕನು ಗಂಧದ ಮರವನ್ನು ಕಂಡನು. ಚೀನದ ಪೇಟೆಯಲ್ಲಿ ಗಂಧಕ್ಕೆ ಒಳ್ಳೆಯ ಬೆಲೆಯಿದ್ದುದರಿಂದ ಹಡಗಿನ ಹಿಂದೆ ಹಡಗು ಬಂದಿತು. ವರ್ತಕರು ಮರವನ್ನು ಒಯ್ದರು. ಬಂದೂಕನ್ನೂ ಹಗೆಯನ್ನೂ ಬಿಟ್ಟುಹೋದರು. 1839ರಲ್ಲಿ ಜಾನ್ ವಿಲಿಯಮ್ಸ್ ಎಂಬ ಪಾದ್ರಿಯು ದಡಕ್ಕೆ ಕಾಲಿಟ್ಟೊಡನೆ ದ್ವೀಪದವರು ಅವನನ್ನು ಕೊಂದರು. ಹೊರಗಿನಿಂದ ಬಂದ ದಡಾರವೇ ಮೊದಲಾದ ರೋಗಗಳಿಗೆ ಊರಿಗೆ ಊರೇ ಬಲಿಯಾಯಿತು. ಒಂದು ಕಾಲಕ್ಕೆ ಸಾವಿರಗಟ್ಟಲೆಯಿದ್ದ ಜನ 1931ರ ವೇಳೆಗೆ ನಾಲ್ಕುನೂರಕ್ಕೂ ಕಡಮೆಯಾದರು.

ಜನ ಅಳಿದಂತೆ ನುಡಿಗಳೂ ಅಳಿದವು. ಹಿಂದೆ ಅಲ್ಲಿದ್ದ ಹಲವು ಭಾಷೆಗಳಲ್ಲಿ ಸೀಯೆ ಎಂಬುದೊಂದೇ ಮನೆಮಾತಾಗಿ ಗಟ್ಟಿಯಾಗಿ ನಿಂತಿತು. ಉರಾ ಎಂಬ ಇನ್ನೊಂದು ನುಡಿಯನ್ನು ಬಲ್ಲವರು 1990ರ ದಶಕದಲ್ಲಿ ಕೆಲವೇ ಮಂದಿ ವೃದ್ಧರು. ಟೆರಿ ಕ್ರೌಲಿ ಎಂಬ ಭಾಷಾವಿದ್ವಾಂಸರು ಅವರ ಬಳಿ ಕುಳಿತು ಕೇಳಿ, ಅದರ ವ್ಯಾಕರಣವನ್ನು ಬರೆದಿಟ್ಟರು. ಸೀಯೆಯನ್ನಾದರೋ ಇಂದು ಸಾವಿರಕ್ಕೂ ಮಿಕ್ಕು ಜನ ಆಡುತ್ತಾರೆ.

ಇಷ್ಟೇ ಅಲ್ಲ. ಗಂಧದ ವ್ಯಾಪಾರಕ್ಕಾಗಿಯೂ ಆಮೇಲೆ ಕಬ್ಬಿನ ತೋಟಗಳ ಕೂಲಿಗಾಗಿಯೂ ಹುಟ್ಟಿಕೊಂಡ ಹರಕುಮುರುಕು ಇಂಗ್ಲಿಷು ಕ್ರಮೇಣ ಬಿಸ್ಲಾಮ ಎಂಬ ಭಾಷೆಯಾಯಿತು. ಅದರ ಶಬ್ದಗಳು ಬಹುಮಟ್ಟಿಗೆ ಬಿಳಿಯರವು; ಅವುಗಳನ್ನು ಹೊಂದಿಸಿದ ರೀತಿ ದ್ವೀಪದವರದು. ತಮಿಳು ತೆಲುಗುಗಳಲ್ಲಿರುವಂತೆ ಅಲ್ಲಿಯೂ 'ನಾವು' ಎಂಬುದಕ್ಕೆ ಎರಡು ಪದಗಳುಂಟು. ಕೇಳುವವನನ್ನು ಸೇರಿಸಿಕೊಂಡರೆ 'ಯುಮಿ', ಅವನನ್ನು ಬಿಟ್ಟರೆ 'ಮಿಫಲ'. ನೀನೂ ನಾನೂ ಇಬ್ಬರೇ ಆದರೆ ಸಂಸ್ಕೃತದ ದ್ವಿವಚನದಂತೆ 'ಯುಮಿತು' ಎಂಬ ಬೇರೊಂದು ರೂಪವುಂಟು. ಇಂಗ್ಲಿಷಿನಲ್ಲಿ ಈ ಭೇದಗಳಿಲ್ಲ. ಇವು ದ್ವೀಪಭಾಷೆಗಳಿಂದ ಬಂದವು. 1980ರಲ್ಲಿ ವನುವಾಟು ಸ್ವತಂತ್ರವಾದಾಗ ಕೂಲಿಯವರ ಈ ಮಾತೇ ರಾಷ್ಟ್ರಭಾಷೆಯಾಯಿತು.

2009ರಲ್ಲಿ ವಿಲಿಯಮ್ಸ್ ಪಾದ್ರಿಯ ವಂಶಸ್ಥರು ಎರೊಮಾಂಗೊವಿಗೆ ಬಂದರು. ದ್ವೀಪದವರು ಪೂರ್ವಿಕರ ತಪ್ಪಿಗಾಗಿ ಕ್ಷಮೆ ಬೇಡಿದರು, ಬಂದವರು ಕ್ಷಮಿಸಿದರು; ಆ ಕೊಲ್ಲಿಗೆ ವಿಲಿಯಮ್ಸನ ಹೆಸರನ್ನಿಟ್ಟರು. ಗಂಧದ ವರ್ತಕರ ಪರವಾಗಿ ಕ್ಷಮೆ ಬೇಡಬೇಕಾದವರು ಯಾರು ಎಂಬ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಏಳದಿರದು. ಆದರೂ ಕೆಡುಕುಂಡ ಜನರೇ ಮೊದಲು ಕೈಮುಗಿದು, ಬಂದವರನ್ನು 'ಯುಮಿ' ಎಂಬ ಮಾತಿನೊಳಕ್ಕೆ ಕರೆದುಕೊಂಡರು. ಒಂದು ಜನದ ಸಂಸ್ಕೃತಿಯನ್ನು ಅಳೆಯಲು ಅವರ ತೊಗಟೆಬಟ್ಟೆಯನ್ನು ನೋಡಿದರೆ ಸಾಲದು. ಅವರು 'ನಾವು' ಎಂದಾಗ ಅದರೊಳಗೆ ಯಾರು ಯಾರಿಗೆ ಸ್ಥಳವಿದೆಯೆಂಬುದನ್ನೂ ನೋಡಬೇಕು.