ನಾರ್ಮನರ ಹಡಗುಗಳೂ ಬಿಲ್ಲಾಳುಗಳೂ

ಕ್ರಿ.ಶ. 1066ರ ಅಕ್ಟೋಬರ್ 14ರಂದು ಇಂಗ್ಲೆಂಡಿನ ಹೇಸ್ಟಿಂಗ್ಸ್ ಬಳಿ ನಡೆದ ಯುದ್ಧವನ್ನು ಕುದುರೆದಂಡಿನ ಗೆಲುವೆಂದು ವರ್ಣಿಸುವುದು ವಾಡಿಕೆಯಾಗಿದೆ. ಗೆದ್ದ ಬಳಿಕ ಭೂಮಿ ಹಂಚಿಕೊಂಡವರು ರಾವುತರು. ಕಥೆಯೂ ಅವರದೇ ಆದದ್ದು ಸಹಜ. ಆದರೆ ಆ ಕುದುರೆಗಳು ಕಡಲನ್ನು ಹೇಗೆ ದಾಟಿದವು, ಗುಡ್ಡದ ನೆತ್ತಿಯಲ್ಲಿ ದಿನವಿಡೀ ಅಲುಗದೆ ನಿಂತ ಗುರಾಣಿಗಳ ಗೋಡೆ ಯಾರಿಂದ ಸಡಿಲಗೊಂಡಿತು ಎಂದು ಕೇಳಿದರೆ, ಬೇರೆ ಎರಡು ವರ್ಗದ ಜನ ಕಣ್ಣಮುಂದೆ ಬರುತ್ತಾರೆ. ಹಡಗು ಕಟ್ಟಿ ನಡೆಸಿದವರು ಒಂದು ವರ್ಗ, ಬಿಲ್ಲಾಳುಗಳು ಇನ್ನೊಂದು.

ನಾರ್ಮಂಡಿಯ ಡ್ಯೂಕ್ ವಿಲಿಯಮನ ಬಳಿ ಎಷ್ಟು ಹಡಗುಗಳಿದ್ದವು? ಜುಮಿಯೆಜ್ ಮಠದ ಸಂನ್ಯಾಸಿ ವಿಲಿಯಂ 3000 ಎಂದಿದ್ದಾನೆ. ನೂರು ವರ್ಷಗಳ ತರುವಾಯ ಬರೆದ ಕವಿ ವಾಸ್, ತಂದೆಯ ಬಾಯಿಂದ ಕೇಳಿದ ಸಂಖ್ಯೆ 696 ಎಂದು ಹೇಳುತ್ತಾನೆ. ಇವೆರಡಕ್ಕಿಂತ ಬೆಲೆಯುಳ್ಳದ್ದು, ಯಾರು ಯಾರು ಎಷ್ಟೆಷ್ಟು ಹಡಗು ಒದಗಿಸಿದರೆಂದು ತಿಳಿಸುವ ಒಂದು ಪುಟ್ಟ ಪಟ್ಟಿ. ಡ್ಯೂಕನ ಮಲಸಹೋದರರಲ್ಲಿ ಮೊರ್ತೇನಿನ ರಾಬರ್ಟ್ 120, ಬಾಯೂ ನಗರದ ಬಿಷಪ್ ಓಡೊ 100. ಹೀಗೆ ಹದಿನಾಲ್ಕು ಮಂದಿಯ ಬಾಬುಗಳನ್ನು ಕೂಡಿದರೆ 776 ಆಗುತ್ತದೆ. ಪಟ್ಟಿ ಹೇಳುವ ಮೊತ್ತವಾದರೋ 1000. ಲೆಕ್ಕ ಹೊಂದುವುದಿಲ್ಲ, ಆದರೂ ದುಂಡು ಸಂಖ್ಯೆಗಿಂತ ಬಾಬುವಾರು ನಮೂದನ್ನೇ ನಂಬುವುದು ಲೇಸು. ಅದರಲ್ಲಿ ಅತಿ ಚಿಕ್ಕ ನಮೂದು ಫೆಕಾಂ ಮಠದ ರೆಮಿಜಿಯಸನದು: ಒಂದು ಹಡಗು, ಇಪ್ಪತ್ತು ಮಂದಿ ರಾವುತರು. ಮರುವರ್ಷವೇ ಅವನಿಗೆ ಇಂಗ್ಲೆಂಡಿನಲ್ಲಿ ಬಿಷಪ್ ಪದವಿ ದೊರೆಯಿತು. ಪದವಿಯನ್ನು ಕೊಂಡುಕೊಂಡನೆಂಬ ಆಪಾದನೆಯೂ ಬೆನ್ನುಹತ್ತಿತು. ದಂಡಯಾತ್ರೆಗೆ ಹಾಕಿದ ಬಂಡವಾಳ ಅಷ್ಟು ಬೇಗ ಫಲ ಕೊಟ್ಟದ್ದು ವಿರಳ.

ಈ ಹಡಗುಗಳ ರೂಪವನ್ನು ಬಾಯೂ ನಗರದ ಕಸೂತಿಪಟದಲ್ಲಿ ಕಾಣಬಹುದು. ಸುಮಾರು 70 ಮೀಟರ್ ಉದ್ದದ ಆ ನಾರುಬಟ್ಟೆಯ ಮೇಲೆ ಮರ ಕಡಿಯುವುದು, ಹಲಗೆ ಕೆತ್ತುವುದು, ಹಡಗನ್ನು ನೀರಿಗೆ ಎಳೆಯುವುದು, ಎಲ್ಲವೂ ಉಣ್ಣೆಯ ದಾರದಲ್ಲಿ ಮೂಡಿವೆ. ಇವು ನಾರ್ಮನರ ಪೂರ್ವಜರಾದ ವೈಕಿಂಗರ ನಾವೆಗಳ ಸಂತತಿಯವು: ಒಂದರ ಮೇಲೊಂದು ಅಂಚು ಹಾಯ್ದ ಹಲಗೆಗಳು, ಒಂದೇ ಚೌಕದ ಹಾಯಿ, ಬಲಮಗ್ಗುಲಲ್ಲಿ ಚುಕ್ಕಾಣಿ. ಡೆನ್ಮಾರ್ಕಿನ ರೊಸ್ಕಿಲ್ಡ ಬಳಿ 1962ರಲ್ಲಿ ಕಡಲತಳದಿಂದ ಹೊರತೆಗೆದ ಹನ್ನೊಂದನೆಯ ಶತಮಾನದ ಐದು ಹಡಗುಗಳಿಂದ ಈ ಚಿತ್ರಗಳಿಗೆ ಪುಷ್ಟಿ ದೊರೆತಿದೆ. ಅವುಗಳಲ್ಲೊಂದು ಮೂವತ್ತು ಮೀಟರ್ ಉದ್ದದ್ದಾದರೂ ಅದು ತೇಲಲು ಒಂದು ಮೀಟರಿನಷ್ಟು ನೀರು ಸಾಕು. ಇಂಥ ನಾವೆಗೆ ಬಂದರು ಬೇಡ. ಮರಳ ದಂಡೆಗೆ ನುಗ್ಗಿಸಿ ನಿಲ್ಲಿಸಬಹುದು. ಪಟದಲ್ಲಿ ಕುದುರೆಗಳು ಹಡಗಿನ ಅಂಚನ್ನು ದಾಟಿ ನೇರವಾಗಿ ತಡಿಗೆ ಕಾಲಿಡುವ ದೃಶ್ಯ ಇದಕ್ಕೆ ಸಾಕ್ಷಿ.

ಚೌಕದ ಹಾಯಿಗೆ ಎದುರುಗಾಳಿ ವೈರಿ. ಬೇಸಗೆಯ ಕೊನೆಗೆ ದೀವ್ ನದಿಯ ಮುಖದಲ್ಲಿ ನೆರೆದ ಪಡೆ ಸುಮಾರು ಒಂದು ತಿಂಗಳು ಕಾಯಿತು; ಬಳಿಕ ಪಡುವಣ ಗಾಳಿ ಅದನ್ನು ಸೋಮ್ ನದಿಯ ಸೇಂ ವಾಲೆರಿಗೆ ತಳ್ಳಿತು. ಅಲ್ಲಿ ಮತ್ತೆ ಎರಡು ವಾರ. ಅನುಕೂಲ ಗಾಳಿಗಾಗಿ ಸಂತನ ಅಸ್ಥಿಗಳನ್ನು ಹೊರತಂದು ಪ್ರಾರ್ಥಿಸಿದರು. ಈ ವಿಳಂಬವೇ ವಿಲಿಯಮನಿಗೆ ವರವಾಯಿತು. ಬೇಸಗೆಯೆಲ್ಲ ದಕ್ಷಿಣ ತೀರವನ್ನು ಕಾದಿದ್ದ ಇಂಗ್ಲೆಂಡಿನ ದೊರೆ ಹೆರಾಲ್ಡನ ನೌಕಾಬಲ, ದವಸ ತೀರಿದ್ದರಿಂದ ಸೆಪ್ಟೆಂಬರ್ 8ರಂದು ಚದರಿತು. ಅಷ್ಟರಲ್ಲಿ ನಾರ್ವೆಯ ದೊರೆ ಉತ್ತರದಲ್ಲಿ ಇಳಿದನು; ಅವನನ್ನು ಹೆರಾಲ್ಡ್ ಸೆಪ್ಟೆಂಬರ್ 25ರಂದು ಸ್ಟ್ಯಾಂಫರ್ಡ್ ಬ್ರಿಜ್ಜಿನಲ್ಲಿ ಸೋಲಿಸಿ ಕೊಂದನು. ಎರಡೇ ದಿನಗಳಲ್ಲಿ ತೆಂಕಣ ಗಾಳಿ ಬೀಸಿತು. 27ರ ರಾತ್ರಿ ಹೊರಟ ನಾರ್ಮನರು ಮರುದಿನ ಪೆವೆನ್ಸಿಯಲ್ಲಿ ಯಾರ ಅಡ್ಡಿಯೂ ಇಲ್ಲದೆ ಇಳಿದರು.

ಇನ್ನು ಬಿಲ್ಲಾಳುಗಳ ಮಾತು. ಒಂದು ಕಾಲಕ್ಕೆ ಸ್ವತಃ ಯೋಧನಾಗಿದ್ದು ಡ್ಯೂಕನ ಪುರೋಹಿತನಾದ ಪ್ವಾತಿಯೆಯ ವಿಲಿಯಂ, ಅವರನ್ನು ಸೇನೆಯ ಮುಂಚೂಣಿಯಲ್ಲಿ ನಿಲ್ಲಿಸಿದ್ದರೆಂದೂ ಅವರಲ್ಲಿ ಅಡ್ಡಬಿಲ್ಲಿನವರೂ ಇದ್ದರೆಂದೂ ಬರೆದಿದ್ದಾನೆ. ಕಸೂತಿಪಟದಲ್ಲಿ ಕಾಣುವ ಬಿಲ್ಲಾಳುಗಳು ಇಪ್ಪತ್ತೊಂಬತ್ತು. ಅವರಲ್ಲಿ ಇಂಗ್ಲಿಷ್ ಪಕ್ಷದವನು ಒಬ್ಬನೇ. ಈ ಒಬ್ಬನಲ್ಲಿ ಆ ದಿನದ ಒಂದು ಗುಟ್ಟು ಅಡಗಿದೆ. ಅಂದಿನ ಯುದ್ಧಗಳಲ್ಲಿ ಎದುರಾಳಿ ಬಿಟ್ಟ ಬಾಣಗಳನ್ನೇ ಆಯ್ದು ತಿರುಗಿ ಬಿಡುವುದುಂಟು. ಎದುರಿನಿಂದ ಬಾಣವೇ ಬಾರದಿದ್ದರೆ ಬತ್ತಳಿಕೆ ಬೇಗ ಬರಿದಾಗುತ್ತದೆ. ಬೆಳಗ್ಗೆ ಗುಡ್ಡದ ಮೇಲಕ್ಕೆ ಬಿಟ್ಟ ಬಾಣಗಳು ಗುರಾಣಿಗಳಿಗೆ ನಾಟಿದವು, ಇಲ್ಲವೆ ತಲೆಯ ಮೇಲೆ ಹಾದುಹೋದವು. ರಾವುತರು ಏರಿಹೋದಾಗ ಗೋಡೆ ಇನ್ನೂ ಗಟ್ಟಿಯಾಗಿತ್ತು. ಪಟದ ಕೊನೆಯ ಭಾಗದಲ್ಲಿಯಾದರೋ ಕೆಳಅಂಚಿನ ತುಂಬ ಬಿಲ್ಲಾಳುಗಳು ಸಾಲುಗಟ್ಟಿದ್ದಾರೆ. ಹೊಸ ಬಾಣಗಳು ಹಿಂದಿನಿಂದ ಬಂದಿರಲೇಬೇಕು. ಅವೂ ಕಡಲು ದಾಟಿ ಬಂದ ಸರಕೇ ಸರಿ. ಆಕಾಶಕ್ಕೆ ಬಿಡಿರೆಂದು ವಿಲಿಯಂ ಅಪ್ಪಣೆ ಕೊಟ್ಟನೆಂಬುದು ಹನ್ನೆರಡನೆಯ ಶತಮಾನದವರ ಮಾತು. ಮೇಲಿನಿಂದ ಬಾಣ ಬಿದ್ದರೆ ಗುರಾಣಿ ಮೇಲೇಳುತ್ತದೆ, ಎದೆ ಬಯಲಾಗುತ್ತದೆ; ರಾವುತನ ಈಟಿಗೆ ಅಷ್ಟು ಸಾಕು.

ಹೆರಾಲ್ಡನ ಕಣ್ಣಿಗೆ ನಾಟಿದ ಬಾಣದ ಕಥೆಯನ್ನು ಅಷ್ಟು ಸುಲಭವಾಗಿ ಒಪ್ಪಲಾಗದು. ಪ್ವಾತಿಯೆಯ ವಿಲಿಯಂ ಅದನ್ನು ಹೇಳುವುದಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಪಟವನ್ನು ನೋಡಿ ಬರೆದ ಚಿತ್ರದಲ್ಲಿ ಆ ಯೋಧನ ಕೈಲಿರುವುದಕ್ಕೆ ಬಾಣದ ಗರಿಯಿಲ್ಲ. ಗರಿ ಕಾಣುವುದು ಹತ್ತೊಂಬತ್ತನೆಯ ಶತಮಾನದ ದುರಸ್ತಿಯ ತರುವಾಯ.

ಇಷ್ಟೆಲ್ಲ ಮಾಡಿದ ಬಿಲ್ಲಾಳುಗಳಲ್ಲಿ ಹೆಸರು ಉಳಿದವರು ಬಹು ಕಡಮೆ. 1086ರ ಡೂಮ್ಸ್‌ಡೇ ಲೆಕ್ಕಪುಸ್ತಕದಲ್ಲಿ ಅಡ್ಡಬಿಲ್ಲಿನವರೆಂದು ನಮೂದಾದ ಕೆಲವು ಭೂಹಿಡುವಳಿದಾರರಿದ್ದಾರೆ, ಅಷ್ಟೆ. ಹಡಗಿನವರಲ್ಲಿ ಐರಾರ್ಡನ ಮಗ ಸ್ಟೀಫನ್ ಒಬ್ಬನ ಹೆಸರುಂಟು. ಮಡದಿ ಮಟಿಲ್ಡಾ ವಿಲಿಯಮನಿಗೆ ಕೊಟ್ಟ 'ಮೋರಾ' ಎಂಬ ಹಡಗನ್ನು ನಡೆಸಿದವನು ಅವನೇ ಎಂದು ತಿಳಿಯುತ್ತಾರೆ. 1120ರ ನವೆಂಬರಿನಲ್ಲಿ ಅವನ ಮಗ ತಾಮಸ್, ವಿಲಿಯಮನ ಮಗನಾದ ಒಂದನೆಯ ಹೆನ್ರಿಯ ಬಳಿಗೆ ಬಂದು, ತನ್ನ ತಂದೆ ಅವನ ತಂದೆಯನ್ನು ಕಡಲು ದಾಟಿಸಿದನೆಂದೂ ಆ ಸೇವೆ ತನಗೂ ದೊರೆಯಬೇಕೆಂದೂ ಬೇಡಿದನು. ದೊರೆ ತನ್ನ ಹಡಗನ್ನು ಆಗಲೇ ಗೊತ್ತುಮಾಡಿದ್ದರಿಂದ ಮಗನನ್ನೂ ಪರಿವಾರವನ್ನೂ ತಾಮಸನ 'ಬಿಳಿಯ ಹಡಗಿ'ಗೆ ಒಪ್ಪಿಸಿದನು. ಅದು ಬಾರ್‌ಫ್ಲೋರ್ ತೀರದ ಬಂಡೆಗೆ ಬಡಿದು ಆ ರಾತ್ರಿಯೇ ಮುಳುಗಿತು. ನೀರಿನಿಂದ ಮೇಲೆದ್ದ ತಾಮಸ್ ರಾಜಕುಮಾರನೇನಾದನೆಂದು ಕೇಳಿ, ಇಲ್ಲವೆಂದು ತಿಳಿದು, ಮತ್ತೆ ಮುಳುಗಿದನೆಂದು ಚರಿತ್ರಕಾರ ಆರ್ಡರಿಕ್ ವಿಟಾಲಿಸ್ ಬರೆದಿದ್ದಾನೆ. ಬೆಳಗಿನತನಕ ಬದುಕಿ ಉಳಿದವನು ರುವಾನ್ ಊರಿನ ಒಬ್ಬ ಕಟುಕ.